ತಲೆಕಟ್ಟಿಲ್ಲದ ‘ಕ’, ಮೂರು ಸಾಲಿನೆತ್ತರ

ಬೆಂಗಳೂರಿನ ಚಾಮರಾಜಪೇಟೆ, ಕಾಟನ್‌ಪೇಟೆ, ಅವೆನ್ಯೂ ರಸ್ತೆಯ ಒಳಗಲ್ಲಿಗಳಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ, ಕೆಲಸ ಮಾಡಿದ ಹಳಬರು ಮದುವೆ ಮನೆಯಲ್ಲೋ ಪುಸ್ತಕ ಬಿಡುಗಡೆಯಲ್ಲೋ ಒಟ್ಟಿಗೆ ಸಿಕ್ಕರೆ, ಮಾತು ಬಿ.ಪಿ., ಶುಗರ್, ಮಕ್ಕಳ ಕೆಲಸ ಅಂತ ಹೆಚ್ಚು ಹೊತ್ತು ಸುತ್ತುವುದಿಲ್ಲ. ಯಾರಾದರೊಬ್ಬರು ‘ಆ ಯುಗಾದಿ ಸೊನ್ನೆ ನೆನಪಿದೆಯಾ?’ ಅಂದರೆ ಮುಗಿಯಿತು. ಉಳಿದವರೆಲ್ಲ ನಗಲು ಶುರು. ಪಕ್ಕದಲ್ಲಿ ಕೂತ ಹೆಂಡತಿ ಮಕ್ಕಳಿಗೆ ಏನೂ ತಿಳಿಯದು. ಲೇಖನದ ಮೊದಲ ಅಕ್ಷರವನ್ನು ದೊಡ್ಡದಾಗಿ, ಅಂದವಾಗಿ ಕೂರಿಸುವುದರಲ್ಲಿ ಇಷ್ಟು ನಗುವಂಥದ್ದೇನಿದೆ ಎಂದು ಅವರಿಗೆ ವಿವರಿಸುವುದೂ ಕಷ್ಟ. ಈ ಬರಹ ಒಂದು ರೀತಿಯಲ್ಲಿ ಅವರಿಗಾಗಿ.

1990ರ ದಶಕದ ಕೊನೆ, 2000ದ ದಶಕದ ಮೊದಲರ್ಧ. ಒಂದೇ ಶಟರಿನ ಅಂಗಡಿ ನಮ್ಮದು. ಗೋಡೆಗೆ ಒತ್ತಿಕೊಂಡು ಕೂತ ಕಂಪ್ಯೂಟರುಗಳು, ಅವುಗಳಲ್ಲಿ ವಿಂಡೋಸ್ 98, ಪೇಜ್‌ಮೇಕರ್ 6.5, ಕೋರೆಲ್‌ಡ್ರಾ. ಮೂಲೆಯಲ್ಲೊಂದು ಲೇಸರ್ ಪ್ರಿಂಟರ್, ಅದರ ಪಕ್ಕ ಕರೆಂಟು ಹೋದಾಗ ಕಿರುಚಿಕೊಳ್ಳುವ ಯುಪಿಎಸ್. ಹೊಟ್ಟೆ ತುಂಬಿಸುತ್ತಿದ್ದದ್ದು ಬಿಲ್ ಬುಕ್ಕು, ಲಗ್ನಪತ್ರಿಕೆ, ಚುನಾವಣೆ ಬಂದರೆ ಕರಪತ್ರ. ಮನಸ್ಸು ತುಂಬಿಸುತ್ತಿದ್ದದ್ದು ಮಾತ್ರ ಸ್ಮರಣ ಸಂಚಿಕೆ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಸಂಚಿಕೆಗಳು. ಆಮೇಲೆ ಸಾಹಿತ್ಯ ಸಮ್ಮೇಳನದವು, ಶಾಲೆಯ ಸುವರ್ಣ ಮಹೋತ್ಸವದವು, ನಿವೃತ್ತರಾದ ಮೇಷ್ಟರ ಅಭಿನಂದನ ಗ್ರಂಥ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲೇ ಇದ್ದುದರಿಂದ ಬರೆಯುವವರ ಓಡಾಟಕ್ಕೆ ನಮ್ಮ ಕಡೆ ಬರವಿರಲಿಲ್ಲ. ಹಸ್ತಪ್ರತಿ ಹಿಡಿದು ಬಂದವರು ಬೈಟು ಕಾಫಿ ಕುಡಿದು, ಹೊರಡುವಾಗ ಹೇಳುತ್ತಿದ್ದ ಮಾತು ಸಾಮಾನ್ಯವಾಗಿ ಒಂದೇ: ‘ಒಳ್ಳೆ ಸುಧಾ, ಮಯೂರ ಥರ ಕಾಣ್ಬೇಕು ನೋಡಿ.’

ಸುಧಾ, ಮಯೂರದ ಥರ ಎಂದರೆ ಏನು? ಆ ಪತ್ರಿಕೆಗಳಲ್ಲಿ ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರಂಥ ಕಲಾವಿದರ ಚಿತ್ರಗಳಿರುತ್ತಿದ್ದವು. ನಮ್ಮಲ್ಲಿ ಇದ್ದದ್ದು ದಾನಿಗಳ ಪಾಸ್‌ಪೋರ್ಟ್ ಫೋಟೋ. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಎಲ್ಲರದೂ ಒಂದೇ ಅಳತೆಯಲ್ಲಿ. ಅಂದ ಮಾಡಬೇಕೆಂದರೆ ನಮ್ಮ ಕೈಗೆ ಉಳಿಯುತ್ತಿದ್ದ ಜಾಗ ಎರಡೇ, ತಲೆಬರಹ ಮತ್ತು ಮೊದಲಕ್ಷರ. ತಲೆಬರಹವನ್ನು ಸಂಪಾದಕ ಮಂಡಳಿಯವರು ಬಂದು ಹಿಗ್ಗಿಸಿ, ಕುಗ್ಗಿಸಿ, ನೆರಳು ಕೊಡಿಸಿ ಹಾಳು ಮಾಡಿಹೋಗುತ್ತಿದ್ದರು. ಮೊದಲಕ್ಷರದ ತಂಟೆಗೆ ಯಾರೂ ಬರುತ್ತಿರಲಿಲ್ಲ. ಅದಕ್ಕೆ ಯಾರೂ ಹೆಚ್ಚು ದುಡ್ಡನ್ನೂ ಕೊಡುತ್ತಿರಲಿಲ್ಲ. ಪುಟಕ್ಕಿಷ್ಟು ಎಂದು ಮಾತಾದರೆ ಅಕ್ಷರಕ್ಕೆ ಬಳ್ಳಿ ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ. ಹಾಗಾಗಿ ಅದು ನಮ್ಮದೇ ಜಾಗವಾಯಿತು. ಅಂಗಡಿ ಭಾಷೆಯಲ್ಲಿ ‘ಡ್ರಾಪ್‌ಕ್ಯಾಪ್’. ಹಳೆಯ ಕಾಲದ ಕಂಪಾಸಿಟರ್ ಒಬ್ಬರು ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದರು. ಅವರಿಗೆ ಅದು ‘ದಪ್ಪಕ್ಷರ’ವೇ.

ಪೇಜ್‌ಮೇಕರಿನಲ್ಲಿ ಅದಕ್ಕೊಂದು ಸಿದ್ಧ ವ್ಯವಸ್ಥೆ ಇತ್ತು. ಯುಟಿಲಿಟೀಸ್ ಮೆನುವಿಗೆ ಹೋಗಿ, ಪ್ಲಗ್-ಇನ್ ಒಳಗೆ ಡ್ರಾಪ್‌ಕ್ಯಾಪ್ ಆರಿಸಿ, ಎಷ್ಟು ಸಾಲು ಎಂದು ಹೇಳಿದರೆ ಪ್ಯಾರಾದ ಮೊದಲಕ್ಷರ ಅಷ್ಟು ಸಾಲಿನೆತ್ತರಕ್ಕೆ ಬೆಳೆದು ಕೂರುತ್ತಿತ್ತು. ಇಂಗ್ಲಿಷಿನಲ್ಲಿ ಸೊಗಸಾಗಿ ಕೂರುತ್ತಿತ್ತು ಎನ್ನಬೇಕು. ಆ ತಂತ್ರಾಂಶ ಮಾಡಿದವರು ಸಿಯಾಟಲ್‌ನ ಆಲ್ಡಸ್ ಕಂಪನಿಯವರು, 1985ರಲ್ಲಿ. ಕಂಪನಿಗೆ ಆ ಹೆಸರು ಐನೂರು ವರ್ಷಗಳ ಹಿಂದೆ ವೆನಿಸ್‌ನಲ್ಲಿ ಪುಸ್ತಕ ಅಚ್ಚು ಹಾಕುತ್ತಿದ್ದ ಆಲ್ಡಸ್ ಮನೂಷಿಯಸ್‌ನಿಂದ ಬಂದದ್ದು. 1994ರಲ್ಲಿ ಕಂಪನಿ ಅಡೋಬಿಗೆ ಸೇರಿತು. ಇವರ್ಯಾರ ಲೆಕ್ಕದಲ್ಲೂ ಕನ್ನಡ ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಅನ್ಯಾಯ. ಮೊದಲ ಅಕ್ಷರವೆಂದರೆ ಕಡತದ ಮೊದಲ ಸಂಕೇತ ಎಂದು ಅದು ತಿಳಿದಿತ್ತು. ಕನ್ನಡದಲ್ಲಿ ಆ ಲೆಕ್ಕ ಮೊದಲ ಹೆಜ್ಜೆಗೇ ತಪ್ಪುತ್ತಿತ್ತು.

ಯುನಿಕೋಡ್ ಬರುವ ಮುಂಚಿನ ಕನ್ನಡ ಫಾಂಟುಗಳಲ್ಲಿ ಅಕ್ಷರ ಇಡಿಯಾಗಿ ಇರುತ್ತಿರಲಿಲ್ಲ, ತುಂಡು ತುಂಡಾಗಿ ಇರುತ್ತಿತ್ತು. ಇಂಗ್ಲಿಷಿನ ಅಕ್ಷರಗಳಿಗೆಂದು ಇದ್ದ ಇನ್ನೂರು ಚಿಲ್ಲರೆ ಮನೆಗಳಲ್ಲಿ ನಮ್ಮ ಇಡೀ ಕಾಗುಣಿತ, ಒತ್ತಕ್ಷರಗಳ ಸಮೇತ ಸಂಸಾರ ಮಾಡಬೇಕಿತ್ತು. ಅದಕ್ಕಾಗಿ ಅಕ್ಷರದ ಒಡಲು ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಕೊಂಬು ಮತ್ತೊಂದರಲ್ಲಿ. ಶ್ರೀ-ಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ, ಎಲ್ಲದರಲ್ಲೂ ಕತೆ ಹೆಚ್ಚು ಕಡಿಮೆ ಇದೇ. ಯಾವ ತುಂಡು ಯಾವ ಮನೆಯಲ್ಲಿ ಎಂಬುದರಲ್ಲಷ್ಟೇ ವ್ಯತ್ಯಾಸ. ಕನ್ನಡ ಗಣಕ ಪರಿಷತ್ತಿನ ನುಡಿ ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಅದೇ ಹೆಚ್ಚು ಓಡುತ್ತಿದ್ದುದರಿಂದ ಅದರ ಉದಾಹರಣೆಯನ್ನೇ ಕೊಡುತ್ತೇನೆ. ನುಡಿಯಲ್ಲಿ ‘ಕ’ ಎಂದರೆ ಎರಡು ಸಂಕೇತ. ಫಾಂಟು ತೆಗೆದು ನೋಡಿದರೆ ಮೊದಲನೆಯದು ಇಂಗ್ಲಿಷಿನ ದೊಡ್ಡ ‘ಪಿ’, ಎರಡನೆಯದು ತಲೆಯ ಮೇಲೆ ಓರೆಗೀಟು ಇರುವ ‘ಎ’. ಆ ‘ಪಿ’ ನಮ್ಮ ‘ಕ’ದ ಒಡಲು, ಆ ‘ಎ’ ತಲೆಕಟ್ಟು. ‘ಕನ್ನಡ’ ಎಂದು ಶುರುವಾಗುವ ಲೇಖನಕ್ಕೆ ಡ್ರಾಪ್‌ಕ್ಯಾಪ್ ಕೊಟ್ಟರೆ ಒಡಲು ಮಾತ್ರ ಮೂರು ಸಾಲಿನೆತ್ತರ ಬೆಳೆದು ನಿಲ್ಲುತ್ತಿತ್ತು. ತಲೆಕಟ್ಟು ಹನ್ನೆರಡು ಪಾಯಿಂಟಿನಲ್ಲೇ ಉಳಿದು, ಪಕ್ಕದ ಸಾಲಿನಲ್ಲಿ ‘ನ್ನಡ’ದ ಮುಂದೆ ಒಂಟಿಯಾಗಿ ತೇಲುತ್ತಿತ್ತು. ರಾಜ್ಯೋತ್ಸವ ಸಂಚಿಕೆಯ ಮೊದಲ ಪುಟದಲ್ಲಿ ಕನ್ನಡದ ತಲೆ ಹೋಯಿತಲ್ಲ ಎಂದು ಪ್ರೂಫ್ ನೋಡುವ ಹಿರಿಯರು ಹಣೆ ಚಚ್ಚಿಕೊಂಡರು. ‘ಸೀಸದ ಕಾಲದಲ್ಲಿ ಅಕ್ಷರ ಸವೀತಿತ್ತು ಕಣಯ್ಯ, ಹಿಂಗೆ ರುಂಡ ಒಂದು ಕಡೆ ಮುಂಡ ಒಂದು ಕಡೆ ಆಗ್ತಿರ್ಲಿಲ್ಲ.’

‘ಮ’ಕಾರದ ಪಾಡು ಇನ್ನೂ ಮೋಜಿನದು. ‘ವ’ದ ಒಡಲು, ತಲೆಕಟ್ಟು, ಬಲಗಡೆಗೆ ಒಂದು ಕೊಂಬು, ಮೂರೂ ಸೇರಿದರೆ ‘ಮ’. ‘ಮೈಸೂರು’ ಎಂದು ಶುರುವಾದರೆ ದೊಡ್ಡದಾಗಿ ಎದ್ದು ನಿಲ್ಲುತ್ತಿದ್ದದ್ದು ತಲೆಯಿಲ್ಲದ ‘ವ’. ಇನ್ನು ‘ಯ’. ಅದನ್ನು ಕಟ್ಟುವಾಗ ಮೊದಲ ತುಂಡಾಗಿ ಬಳಸಿದ್ದು ಅನುಸ್ವಾರದ ಸೊನ್ನೆಯನ್ನೇ. ಅದರ ಪಕ್ಕಕ್ಕೆ ಇನ್ನೊಂದು ತುಂಡು, ತಲೆಕಟ್ಟು, ಕೊಂಬು ಸೇರಿಸಿದರೆ ‘ಯ’ ಆಗುತ್ತಿತ್ತು. ಕಣ್ಣಿಗೆ ಏನೂ ತಿಳಿಯದು, ಅಷ್ಟು ಜಾಣತನದ ಜೋಡಣೆ. ಡ್ರಾಪ್‌ಕ್ಯಾಪ್‌ಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು. ಬಡಾವಣೆಯ ಸಂಘವೊಂದರ ಯುಗಾದಿ ವಿಶೇಷಾಂಕದ ಸಂಪಾದಕೀಯ ‘ಯುಗಾದಿ’ ಎಂಬ ಪದದಿಂದಲೇ ಶುರುವಾಗಿತ್ತು. ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಹೊಸ ವರ್ಷದ ಶುಭಾಶಯದ ಮುಂದೆ ಭರ್ಜರಿ ಸೊನ್ನೆ. ಸಂಘದ ಖಜಾಂಚಿಯವರೂ ಆಗ ಅಲ್ಲೇ ಕೂತಿದ್ದರು. ‘ನಮ್ಮ ಬ್ಯಾಲೆನ್ಸ್ ನಿಮಗೆ ಯಾರು ಹೇಳಿದ್ದು?’ ಎಂದು ಅವರು ಕೇಳಿದ ಮೇಲೆ ಆ ದಿನ ಕೆಲಸ ಮುಂದೆ ಸಾಗಲಿಲ್ಲ. ಯುಗಾದಿ ಸೊನ್ನೆಯ ಕತೆ ಇದೇ.

ಇದರಿಂದ ನಮಗೆ ಒಂದು ವಿಚಿತ್ರ ವಿದ್ಯೆ ಬಂತು. ಯಾವ ಅಕ್ಷರ ಒಂದೇ ತುಂಡು, ಯಾವುದು ಎರಡು, ಯಾವುದು ನಾಲ್ಕು ಎಂದು ಹಸ್ತಪ್ರತಿ ಕೈಗೆ ಬಂದ ಕೂಡಲೇ ಹೇಳುತ್ತಿದ್ದೆವು. ಸ್ವರಗಳು ಹೆಚ್ಚಿನವು ಇಡಿ: ಅ, ಆ, ಇ, ಈ, ಎ, ಒ. ಮೂಲದಲ್ಲೇ ತಲೆಕಟ್ಟಿಲ್ಲದ ಖ, ಜ, ಟ, ಣ, ಬ, ಲ ಕೂಡ ಇಡಿ. ‘ಕಿ’, ‘ಗಿ’ಯಂಥ ಗುಡಿಸು ಹೊತ್ತವೂ ಒಂದೊಂದೇ ಮನೆಯಲ್ಲಿದ್ದವು. ‘ಬಸವಣ್ಣ’ ಎಂದು ಶುರುವಾಗುವ ಲೇಖನ ಬಂದರೆ ನಿರಾಳ, ಒಂದೇ ಕ್ಲಿಕ್ಕಿಗೆ ಕೂರುತ್ತಿತ್ತು. ಬಸವ ಜಯಂತಿಯ ಸಂಚಿಕೆಗಳೆಂದರೆ ನಮಗೆ ಅದಕ್ಕೇ ಹೆಚ್ಚು ಪ್ರೀತಿ. ‘ಬೆಂಗಳೂರು’ ಬಂದರೆ ಮತ್ತೆ ರುಂಡ ಮುಂಡದ ಕತೆ. ‘ಕೋ’ ಬಂದರೆ ನಾಲ್ಕು ತುಂಡು. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಅಕ್ಷರಗಳನ್ನೇ ಮತ್ತೆ ಮೊದಲಿನಿಂದ ನೋಡಿದ ಹಾಗಾಯಿತು. ಕನ್ನಡದ ಎಷ್ಟೊಂದು ಅಕ್ಷರಗಳು ಕೆಲವೇ ಬಾಗುಗಳನ್ನು ಹಂಚಿಕೊಂಡು ಬದುಕುತ್ತಿವೆ, ‘ಪ’ಕ್ಕೂ ‘ವ’ಕ್ಕೂ ‘ಮ’ಕ್ಕೂ ಎಂಥ ಹತ್ತಿರದ ನಂಟು ಎಂಬುದು ನಮಗೆ ಗೊತ್ತಾದದ್ದು ಯಾವ ಪಂಡಿತರಿಂದಲೂ ಅಲ್ಲ, ಕನ್ನಡವೇ ಗೊತ್ತಿಲ್ಲದ ಒಂದು ಮೆನುವಿನಿಂದ.

ಆ ಮೆನುವಿನ ಇನ್ನೊಂದು ಕುಚೇಷ್ಟೆಯನ್ನೂ ಹೇಳಬೇಕು. ಅಕ್ಷರವನ್ನು ಕೆಳಗಿಳಿಸಿ ಪಕ್ಕದ ಸಾಲುಗಳನ್ನು ಸರಿಸಲು ಅದು ಪ್ರತಿ ಸಾಲಿನ ಕೊನೆಯಲ್ಲಿ ಒಂದು ಬ್ರೇಕ್, ಮುಂದಿನ ಸಾಲಿನ ಮೊದಲಿಗೆ ಒಂದು ಟ್ಯಾಬ್ ತುರುಕುತ್ತಿತ್ತು. ನೋಡಲು ಚೆಂದ. ಮಾರನೆಯ ದಿನ ಲೇಖಕರು ಬಂದು ಮೊದಲ ಪ್ಯಾರಾದಲ್ಲಿ ‘ಪರಮಪೂಜ್ಯ’ ಅಂತ ಒಂದು ಪದ ಸೇರಿಸಿದರೆ ಸಾಲುಗಳೆಲ್ಲ ಅಡ್ಡಾದಿಡ್ಡಿ, ಕಾಲಂ ಮಧ್ಯದಲ್ಲೇ ಮುರಿದು ಬೀಳುತ್ತಿದ್ದವು. ಲೇಖಕರು ತಿದ್ದುವುದು ಯಾವಾಗಲೂ ಮೊದಲ ಪ್ಯಾರಾವನ್ನೇ, ಇದು ಲೋಕದ ನಿಯಮ. ಅದಕ್ಕೆ ನಮ್ಮಲ್ಲಿ ಒಂದು ಕಟ್ಟಪ್ಪಣೆ ಇತ್ತು: ಮೊದಲು ತೆಗಿ, ಆಮೇಲೆ ತಿದ್ದು, ಕೊನೆಗೆ ಹಾಕು.

ಇದಕ್ಕೆಲ್ಲ ಪರಿಹಾರ ಹುಡುಕಿದವರು ನಮ್ಮ ಹಿರಿಯ ಆಪರೇಟರ್ ಅಕ್ಕ. ಕನ್ನಡ ಟೈಪ್‌ರೈಟಿಂಗ್‌ನಲ್ಲಿ ಸೀನಿಯರ್ ಮುಗಿಸಿ, ಅನಂತ ಸುಬ್ಬರಾಯರ ಟೈಪ್‌ರೈಟರ್ ಕೀಲಿಮಣೆಯಿಂದ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಕೈ ಬದಲಾಯಿಸಿಕೊಂಡು, ಕಣ್ಣು ಹಸ್ತಪ್ರತಿಯಿಂದ ಎತ್ತದೆ ಹೊಡೆಯುತ್ತಿದ್ದವರು. ಆ ಕಾಲದ ಡಿಟಿಪಿ ಅಂಗಡಿಗಳನ್ನು ನಡೆಸಿದ್ದು ಇಂಥ ಹೆಣ್ಣುಮಕ್ಕಳೇ. ಪುಸ್ತಕದ ಅರಿಕೆಯಲ್ಲಿ ‘ಅಂದವಾಗಿ ಮುದ್ರಿಸಿದ’ ಮಾಲೀಕರ ಹೆಸರಿರುತ್ತದೆ, ಇವರದು ಇರುವುದಿಲ್ಲ. ಅಕ್ಕ ಪ್ಲಗ್-ಇನ್ನನ್ನು ಪೂರ್ತಿ ಕೈಬಿಟ್ಟರು. ಲೇಖನದಿಂದ ಮೊದಲಕ್ಷರವನ್ನು ಕತ್ತರಿಸಿ ತೆಗೆದು, ಬೇರೆಯೇ ಟೆಕ್ಸ್ಟ್ ಬ್ಲಾಕಿನಲ್ಲಿ ಇಟ್ಟು ದೊಡ್ಡದು ಮಾಡಿದರು. ಅದರ ಜಾಗದಲ್ಲಿ ಗೆರೆಯಿಲ್ಲದ, ಬಣ್ಣವಿಲ್ಲದ ಒಂದು ಚೌಕ ಎಳೆದು ಅದಕ್ಕೆ ಟೆಕ್ಸ್ಟ್ ರ‍್ಯಾಪ್ ಕೊಟ್ಟರು. ಕಣ್ಣಿಗೆ ಕಾಣದ ಆ ಚೌಕಕ್ಕೆ ಹೆದರಿ ಸಾಲುಗಳು ಪಕ್ಕಕ್ಕೆ ಸರಿಯುತ್ತಿದ್ದವು, ದೊಡ್ಡಕ್ಷರ ಅದರ ಮೇಲೆ ಬಂದು ಕೂರುತ್ತಿತ್ತು. ಲೇಖಕರು ಎಷ್ಟು ಬಾರಿ ತಿದ್ದಿದರೂ ಏನೂ ಅಲುಗಾಡದು. ‘ನೀವು ಮೌಸ್ ಮುಟ್ಬೇಡಿ ಸಾರ್, ಆ ಬಾಕ್ಸ್ ನಿಮಗೆ ಕಾಣಲ್ಲ’ ಎಂದು ನನ್ನನ್ನು ದೂರ ಕೂರಿಸುತ್ತಿದ್ದರು. ಪುಟ ಕಟ್ಟುವುದು ನನ್ನ ಕೆಲಸವೆಂದು ಯಜಮಾನರು ಹೇಳಿದ್ದರೂ ಅಕ್ಕನ ಮುಂದೆ ಅದು ನಡೆಯುತ್ತಿರಲಿಲ್ಲ.

ಒತ್ತಕ್ಷರದ ಸಮಸ್ಯೆ ಮಾತ್ರ ಚೌಕಕ್ಕೂ ಬಗ್ಗಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಿನ ಮೇಲೆ ನೆಟ್ಟಗೆ ನಿಲ್ಲುತ್ತವೆ; ಕೆಳಗೆ ಕಾಲು ಚಾಚುವುದು ಅಪರೂಪ. ನಮ್ಮ ‘ಪ್ರ’, ‘ಸ್ವ’, ‘ಶ್ರೀ’ ಹಾಗಲ್ಲ. ಒಡಲು ಮೂರು ಸಾಲಿನಲ್ಲಿ ಮುಗಿದರೂ ಒತ್ತು ನಾಲ್ಕನೆಯ ಸಾಲಿನ ನೆತ್ತಿಯ ಮೇಲೆ ಬಂದು ಕೂರುತ್ತದೆ. ಸ್ಮರಣ ಸಂಚಿಕೆಗೆ ಬರೆಯುವವರಿಗೋ, ಒತ್ತಕ್ಷರದಿಂದ ಶುರು ಮಾಡದಿದ್ದರೆ ಲೇಖನಕ್ಕೆ ಗಾಂಭೀರ್ಯವೇ ಬರುವುದಿಲ್ಲ. ಪ್ರಾಚೀನ ಕಾಲದಿಂದಲೂ, ಪ್ರಸ್ತುತ ಸಮಾಜದಲ್ಲಿ, ಸ್ವಾತಂತ್ರ್ಯಾನಂತರದ, ಶ್ರೀಯುತರು. ನಮ್ಮ ಎಷ್ಟೋ ಶಾಸನಗಳೂ ‘ಸ್ವಸ್ತಿ’ ಎಂದು ಒತ್ತಕ್ಷರದಲ್ಲೇ ಶುರುವಾಗುತ್ತವೆ, ರಕ್ತದಲ್ಲೇ ಬಂದ ಗುಣವಿರಬೇಕು. ಕಲ್ಲಿನ ಮೇಲೆ ಡ್ರಾಪ್‌ಕ್ಯಾಪ್ ಕೇಳುವವರು ಇರಲಿಲ್ಲ ಎಂಬುದೊಂದೇ ಆ ಕುಶಲಕರ್ಮಿಗಳ ಪುಣ್ಯ.

ಅಕ್ಷರವನ್ನು ಇನ್ನಷ್ಟು ಚಿಕ್ಕದು ಮಾಡಿ ಒತ್ತನ್ನೂ ಮೂರು ಸಾಲಿನೊಳಗೆ ತುರುಕಿದರೆ ಒಡಲು ಬಡಕಲಾಗುತ್ತಿತ್ತು. ನಾಲ್ಕನೆಯ ಸಾಲನ್ನೂ ಪೂರ್ತಿ ಒಳಗೆ ಸರಿಸಿದರೆ ಒತ್ತಿನ ಅಕ್ಕಪಕ್ಕ ಬಿಳಿ ಹೊಂಡ. ಕೊನೆಗೆ ದಾರಿ ತೋರಿಸಿದ್ದು ರ‍್ಯಾಪ್‌ನ ಚುಕ್ಕಿಗೆರೆಯೇ. ಚೌಕದ ಸುತ್ತಲಿನ ಆ ಚುಕ್ಕಿಗೆರೆಯನ್ನು ಮೌಸಿನಲ್ಲಿ ಹಿಡಿದು ಎಲ್ಲಿ ಬೇಕಾದರೂ ಬಗ್ಗಿಸಬಹುದಿತ್ತು. ಮೂರು ಸಾಲಿನವರೆಗೆ ಒಡಲಿನ ಅಗಲಕ್ಕೆ ತಕ್ಕ ಜಾಗ, ನಾಲ್ಕನೆಯ ಸಾಲಿನಲ್ಲಿ ಒತ್ತು ಇರುವಷ್ಟಕ್ಕೆ ಮಾತ್ರ ಸಣ್ಣ ಮೆಟ್ಟಿಲು. ಹಾಗೆ ಕೂತ ‘ಶ್ರೀ’ಯನ್ನು ನೋಡಿದರೆ ಕಣ್ಣಿಗೆ ಹಿತ. ಆ ಮೆಟ್ಟಿಲು ತೆಗೆಯಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಒಂದು ಲಗ್ನಪತ್ರಿಕೆ ಮುಗಿಯುತ್ತಿತ್ತು ಎಂದು ಯಜಮಾನರು ಗೊಣಗುತ್ತಿದ್ದರು, ಅವರ ಲೆಕ್ಕವೂ ಸರಿಯೇ. ಅವಸರದಲ್ಲಿದ್ದಾಗ ಅಕ್ಕ ಬೇರೊಂದು ಉಪಾಯ ಮಾಡುತ್ತಿದ್ದರು. ಲೇಖಕರಿಗೆ ಫೋನ್ ಮಾಡಿ, ‘ಸಾರ್, ಪ್ರಾಚೀನ ಕಾಲ ಅನ್ನೋ ಬದಲು ಹಿಂದಿನ ಕಾಲ ಅಂತ ಹಾಕಿದ್ರೆ ಓದೋಕೆ ಸಲೀಸು ಅಲ್ವಾ?’ ಒಪ್ಪಿಕೊಂಡವರೇ ಹೆಚ್ಚು. ತಮ್ಮ ಶೈಲಿ ಸರಳವಾಯಿತೆಂದು ಅವರಿಗೆ ಸಂತೋಷ, ಒತ್ತು ತಪ್ಪಿತೆಂದು ನಮಗೆ.

ಇಷ್ಟು ಕೂರಿಸುವ ಕತೆ. ಸಿಂಗಾರದ ಕತೆ ಬೇರೆ, ಅದು ನಡೆಯುತ್ತಿದ್ದದ್ದು ರಾತ್ರಿ, ಕೋರೆಲ್‌ಡ್ರಾದಲ್ಲಿ. ಆಗ ನಮ್ಮ ಜೊತೆ ಡ್ರಾಯಿಂಗ್ ಮೇಷ್ಟರೊಬ್ಬರು ಸೇರಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ಸಂಜೆ ಬೋರ್ಡು ಬರೆದು, ಬಿಡುವಿದ್ದರೆ ನಮ್ಮಲ್ಲಿಗೆ. ಬ್ಲಾಕಿನ ಕಾಲವನ್ನು ಕಂಡವರು. ಇಂಡಿಯನ್ ಇಂಕಿನಲ್ಲಿ ರಟ್ಟಿನ ಮೇಲೆ ದೊಡ್ಡದಾಗಿ ಅಕ್ಷರ ಬರೆದು ಕೊಟ್ಟರೆ ಬ್ಲಾಕ್ ಮಾಡುವವರು ಅದರ ಫೋಟೋ ತೆಗೆದು ಚಿಕ್ಕದು ಮಾಡಿ, ಸತುವಿನ ತಗಡಿನ ಮೇಲೆ ಆಸಿಡ್ಡಿನಲ್ಲಿ ಕೊರೆಸಿ, ಅಚ್ಚುಮೊಳೆಯ ಎತ್ತರದ ಮರದ ತುಂಡಿಗೆ ಬಡಿದು ಕೊಡುತ್ತಿದ್ದರು. ಹಾಗೆ ಮಾಡಿದ ‘ಒಂದಾನೊಂದು’ವಿನ ‘ಒ’ ಒಂದನ್ನು ಮೇಷ್ಟರು ಜೋಪಾನವಾಗಿ ಇಟ್ಟುಕೊಂಡಿದ್ದರು. ಕತೆಗಳೆಲ್ಲ ಹಾಗೇ ಶುರುವಾಗುತ್ತಿದ್ದುದರಿಂದ ಒಂದೇ ಬ್ಲಾಕು ಎಷ್ಟೋ ಪುಸ್ತಕಕ್ಕೆ ಆಯಿತಂತೆ.

ಮೇಷ್ಟರು ಒಮ್ಮೆ ಲೈಬ್ರರಿಯಿಂದ ಮುದ್ರಣದ ಚರಿತ್ರೆಯ ಪುಸ್ತಕವೊಂದನ್ನು ತಂದು ತೋರಿಸಿದರು. ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕುವಾಗ ಅಧ್ಯಾಯದ ಮೊದಲಕ್ಷರದ ಜಾಗವನ್ನು ಖಾಲಿ ಬಿಡುತ್ತಿದ್ದನಂತೆ, ಆಮೇಲೆ ಚಿತ್ರಕಾರರು ಅದನ್ನು ಕೈಯಲ್ಲಿ ಬರೆಯುತ್ತಿದ್ದರಂತೆ. 1457ರಲ್ಲಿ ಫುಸ್ಟ್ ಮತ್ತು ಶೋಫರ್ ಎಂಬುವರು ಮೈಂಜ್‌ನಲ್ಲಿ ಕೀರ್ತನೆಗಳ ಪುಸ್ತಕ ತಂದಾಗ ಆ ಸಿಂಗಾರದಕ್ಷರವನ್ನೇ ಕೆಂಪು ನೀಲಿ ಎರಡು ಬಣ್ಣದಲ್ಲಿ ಅಚ್ಚಿನಲ್ಲೇ ತಂದರು. 1891ರಲ್ಲಿ ವಿಲಿಯಂ ಮಾರಿಸ್ ಕೆಲ್ಮ್‌ಸ್ಕಾಟ್ ಪ್ರೆಸ್ ಶುರು ಮಾಡಿ, ಯಂತ್ರದ ಪುಸ್ತಕಗಳೆಲ್ಲ ಕುರೂಪವಾದವು ಎಂಬ ಸಿಟ್ಟಿನಲ್ಲಿ ಮತ್ತೆ ಬಳ್ಳಿ ಹೂವಿನ ದೊಡ್ಡಕ್ಷರ ಬರೆದ. ಪುಟ ತಿರುಗಿಸಿದ ಅಕ್ಕ ಕೇಳಿದ್ದು, ‘ನಮ್ಮ ತಾಳೆಗರಿಯಲ್ಲಿ ಇದು ಇರ್ಲಿಲ್ವಾ ಮೇಷ್ಟ್ರೇ?’ ಕಂಟದಲ್ಲಿ ಗೀರಿ ಮಸಿ ತುಂಬುವ ಓಲೆಯಲ್ಲಿ, ಎರಡು ಬೆರಳಗಲದ ಆ ಪಟ್ಟಿಯಲ್ಲಿ, ಮೂರು ಸಾಲಿನಕ್ಷರಕ್ಕೆ ಜಾಗವಾದರೂ ಎಲ್ಲಿ? ‘ನಾವೇ ಮಾಡೋಣ ಬಿಡಮ್ಮ’ ಎಂದರು ಮೇಷ್ಟರು.

ಮಾಡಿದೆವು. ಸಾಗರದ ಕಡೆಯವರ ಸಂಘವೊಂದರ ಸಂಚಿಕೆಗೆ ಮೇಷ್ಟರು ಹಸೆ ಚಿತ್ತಾರದ ‘ಕ’ ಮಾಡೋಣ ಎಂದರು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚ ಹಿಡಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಸಣ್ಣ ಗೆರೆಗಳ ಹೆಣಿಗೆಯನ್ನು ಅವರು ಕಾಗದದ ಮೇಲೆ ಬರೆದುಕೊಂಡು ಬಂದಿದ್ದರು. ಕೋರೆಲ್‌ನಲ್ಲಿ ‘ಕ’ ಹೊಡೆದು, ಪುಟದ ತುಂಬ ದೊಡ್ಡದು ಮಾಡಿ, ಕಂಟ್ರೋಲ್ ಕ್ಯೂ ಒತ್ತಿ ಕರ್ವ್‌ಗೆ ತಿರುಗಿಸಿದರೆ ಅಲ್ಲೊಂದು ಹೊಸ ತಕರಾರು. ಒಡಲೂ ತಲೆಕಟ್ಟೂ ಬೇರೆ ಬೇರೆ ತುಂಡಲ್ಲವೆ. ಅವು ಒಂದರ ಮೇಲೊಂದು ಹತ್ತಿಕೊಂಡಿದ್ದ ಕಡೆ, ಎರಡೂ ಸೇರಿ ಒಂದೇ ಆಕಾರವಾದ ಕೂಡಲೇ, ಒಂದು ಬಿಳಿ ಚೂರು ತೆರೆದುಕೊಳ್ಳುತ್ತಿತ್ತು. ಸರಿಯಾಗಿ ಕುತ್ತಿಗೆಯಲ್ಲಿ. ಸಣ್ಣ ಅಕ್ಷರದಲ್ಲಿ ಕಾಣದ ಆ ಚೂರು ದೊಡ್ಡದರಲ್ಲಿ ಎದ್ದು ಕಾಣುತ್ತಿತ್ತು. ಕಂಟ್ರೋಲ್ ಕೆ ಒತ್ತಿ ತುಂಡುಗಳನ್ನು ಬಿಡಿಸಿ, ವೆಲ್ಡ್ ಮಾಡಿ ಬೆಸೆದು, ಬೆಸುಗೆ ಬಿದ್ದ ಕಡೆ ಉಳಿದ ಗಂಟುಗಳನ್ನು ಶೇಪ್ ಟೂಲಿನಲ್ಲಿ ಒಂದೊಂದಾಗಿ ಅಳಿಸಿ ನಯ ಮಾಡಬೇಕು. ಫಾಂಟಿನಲ್ಲಿ ‘ಕ’ದ ಬಾಗು ಸರಿಯಿಲ್ಲ ಎಂದು ಮೇಷ್ಟರಿಗೆ ಅನಿಸಿದರೆ ಅಲ್ಲೇ ತಿದ್ದುಪಡಿ. ‘ಹೊಟ್ಟೆ ಇನ್ನೊಂಚೂರು ಬರ್ಲಿ. ಹಾಂ, ನಿಲ್ಸು. ಜಾಸ್ತಿ ಆಯ್ತು.’ ಮೌಸು ನನ್ನ ಕೈಯಲ್ಲಿ, ಕಣ್ಣು ಅವರದು, ಗಡಿಯಾರ ನೋಡುವುದು ಅಕ್ಕನ ಕೆಲಸ. ಕೊನೆಯ ಬಸ್ ಹಿಡಿಯಬೇಕಿತ್ತಲ್ಲ.

ಅಕ್ಷರದೊಳಗೆ ತುಂಬು ಕಪ್ಪು ಇಡದೆ ಗೆರೆಗಳಲ್ಲೇ ಚಿತ್ತಾರ ತುಂಬಿದ್ದಕ್ಕೆ ಅಂದ ಒಂದೇ ಕಾರಣವಲ್ಲ. ಸಣ್ಣ ಕೆಲಸಗಳಿಗೆ ನಾವು ಫಿಲಂ ತೆಗೆಸುತ್ತಿರಲಿಲ್ಲ, ಖರ್ಚು ತಾಳುತ್ತಿರಲಿಲ್ಲ. ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಪ್ರಿಂಟು ತೆಗೆದು ಅದರಿಂದಲೇ ಪ್ಲೇಟು ಮಾಡಿಸುವುದು. ಆ ಹಾಳೆಯ ಮೇಲೆ ಅಗಲವಾದ ಕಪ್ಪು ಎಂದೂ ಒಂದೇ ಸಮ ಕೂರದು. ನಡುನಡುವೆ ತೆಳುವಾಗಿ, ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ಕಾಣುತ್ತಿತ್ತು. ಅದೇ ಪ್ಲೇಟಿಗೂ ಬರುತ್ತಿತ್ತು. ಸಣ್ಣ ಗೆರೆಗಳಾದರೆ ಆ ಕಾಟವಿಲ್ಲ. ಬಡತನ ಕಲಿಸಿದ ಶೈಲಿ ಅದು. ನಮ್ಮ ಅಕ್ಷರಗಳ ಗೆರೆಗೆಲಸವನ್ನು ಹೊಗಳಿದವರಿಗೆ ಈ ಗುಟ್ಟು ಹೇಳಲಿಲ್ಲ. ಇನ್ನೊಂದು ಪಾಠ: ಕೋರೆಲ್‌ನಿಂದ ಪೇಜ್‌ಮೇಕರಿಗೆ ಸಾಗಿಸುವಾಗ ಇಪಿಎಸ್ ಮಾಡಿದರೆ ಪರದೆಯಲ್ಲಿ ಎಲ್ಲ ಸರಿ, ಆದರೆ ಪೋಸ್ಟ್‌ಸ್ಕ್ರಿಪ್ಟ್ ತಿಳಿಯದ ಅಗ್ಗದ ಪ್ರಿಂಟರು ಬರೀ ಒರಟು ನೆರಳುಚಿತ್ರವನ್ನಷ್ಟೇ ಒತ್ತಿ ಕೊಡುತ್ತಿತ್ತು. ಟಿಫ್ ಮಾಡಿಯೇ ಒಯ್ಯಬೇಕು, 600 ಡಿಪಿಐಗೆ.

ದುಡ್ಡಿದ್ದ ಗಿರಾಕಿಯಾದರೆ ಡಬಲ್ ಕಲರ್. ಒಂದು ಬಣ್ಣದ ಮಿನಿ ಆಫ್‌ಸೆಟ್ ಯಂತ್ರದಲ್ಲಿ ಕಾಗದ ಎರಡು ಬಾರಿ ಓಡಬೇಕು, ಮೊದಲು ಕಪ್ಪು, ಆಮೇಲೆ ದೊಡ್ಡಕ್ಷರಕ್ಕಷ್ಟೇ ಕೆಂಪೋ ಹಸಿರೋ. ಎರಡನೇ ಓಟದಲ್ಲಿ ಕೂದಲೆಳೆಯಷ್ಟು ಸರಿದರೂ ಅಕ್ಷರ ಪಕ್ಕದ ಸಾಲಿಗೆ ಅಂಟಿಕೊಳ್ಳುತ್ತಿತ್ತು. ಮಷಿನ್‌ಮನ್ ಅಣ್ಣನಿಗೆ ನಮ್ಮ ಬಳ್ಳಿಗಳನ್ನು ಕಂಡರೆ ಸಿಟ್ಟು. ‘ಅಕ್ಷರಕ್ಕೆ ಇಷ್ಟೊಂದು ಒಡವೆ ಯಾಕ್ರಪ್ಪ ಹಾಕ್ತೀರಾ’ ಎನ್ನುತ್ತಲೇ ಭೂತಗನ್ನಡಿ ಹಿಡಿದು ಗುರುತು ಸೇರಿಸಿ ಕೊಡುತ್ತಿದ್ದ. ಅವನ ಮಗಳ ನಾಮಕರಣದ ಕಾರ್ಡಿಗೆ ಅವಳ ಹೆಸರಿನ ಮೊದಲಕ್ಷರವನ್ನು ನವಿಲಿನ ರೂಪದಲ್ಲಿ ಬರೆದು ಮಾಡಿಕೊಟ್ಟೆವು. ಅದಕ್ಕೆ ಅವನು ಒಂದೇ ಒಂದು ಮಾತೂ ಗೊಣಗಲಿಲ್ಲ, ಮೂರು ಬಣ್ಣ ಓಡಿಸಿದ.

ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ಹೊತ್ತಿಗಾಗಲೇ ಅಡೋಬಿಯವರು ಇನ್‌ಡಿಸೈನ್ ತಂದಿದ್ದರು, ಅದರಲ್ಲಿ ಎಷ್ಟು ಸಾಲು ಎಂಬುದರ ಜೊತೆ ಎಷ್ಟು ಅಕ್ಷರ ಎಂದೂ ಕೇಳುವ ಖಾನೆ ಇತ್ತು. ‘ಕೋ’ ಬಂದರೆ ಅಲ್ಲಿ ನಾಲ್ಕು ಎಂದು ಬರೆದರೆ ಸಾಕು, ಇಡೀ ಅಕ್ಷರ ಮೇಲೇಳುತ್ತಿತ್ತು. ನಮ್ಮ ತುಂಡುಗಳ ವಿದ್ಯೆ ಕೊನೆಯ ಬಾರಿಗೆ ಉಪಯೋಗಕ್ಕೆ ಬಂದದ್ದು ಅಲ್ಲಿ. ಆಮೇಲೆ ಯುನಿಕೋಡ್ ಬಂತು, ತುಂಡುಗಳೂ ಹೋದವು. ಒಳ್ಳೆಯದೇ ಆಯಿತು, ಆ ಕಷ್ಟ ಯಾರಿಗೂ ಮತ್ತೆ ಬರುವುದು ಬೇಡ. ಆದರೆ ಇವತ್ತಿನ ವಿಶೇಷಾಂಕಗಳನ್ನು ತಿರುವಿದಾಗ ನನಗೆ ಬೇಸರವಾಗುವುದು ಒಂದಕ್ಕೆ. ಕೂರಿಸುವುದು ಸುಲಭವಾದ ಮೇಲೆ ಸಿಂಗರಿಸುವವರು ಕಡಿಮೆಯಾದರು. ಲೇಖನದ ಫಾಂಟಿನ ಅಕ್ಷರವನ್ನೇ ಮೂರು ಸಾಲಿಗೆ ಹಿಗ್ಗಿಸಿ ಬಿಟ್ಟರೆ ಆಯಿತು ಎನ್ನುವ ಧೋರಣೆ. ಒತ್ತಿಗೆ ಮೆಟ್ಟಿಲು ಬಿಡುವವರಂತೂ ಇಲ್ಲವೇ ಇಲ್ಲ. ‘ಪ್ರ’ದ ಒತ್ತು ನಾಲ್ಕನೆಯ ಸಾಲನ್ನು ತುಳಿಯುತ್ತಿರುವುದನ್ನು ದೊಡ್ಡ ದೊಡ್ಡ ಪುಸ್ತಕಗಳಲ್ಲೇ ನೋಡುತ್ತಿದ್ದೇನೆ. ಅದು ಆಲಸ್ಯವಲ್ಲದೆ ಬೇರೇನೂ ಅಲ್ಲ.

ನಮ್ಮ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಅಕ್ಕ ಮೊಮ್ಮಗನಿಗೆ ಅಕ್ಷರ ತಿದ್ದಿಸುತ್ತಿದ್ದಾರೆ. ಮೇಷ್ಟರು ಇಲ್ಲ. ಅವರ ಕೈಯ ಅಕ್ಷರಗಳಲ್ಲಿ ಕೆಲವು ನನ್ನ ಹತ್ತಿರದ ಸಿ.ಡಿ.ಯಲ್ಲಿ ಉಳಿದಿವೆ, ಹೆಚ್ಚಿನವು ಹೋದ ಹಾರ್ಡ್‌ಡಿಸ್ಕಿನೊಂದಿಗೆ ಹೋದವು. ಲೇಖನಗಳ ಪಾಡು ಇನ್ನೂ ಕಷ್ಟ, ಹಳೆಯ ಫಾಂಟಿಲ್ಲದೆ ತೆರೆದರೆ ಓರೆಗೀಟಿನ ‘ಎ’ಗಳ ಮೆರವಣಿಗೆ. ಕರ್ವ್‌ಗೆ ತಿರುಗಿಸಿದ ಅಕ್ಷರಗಳಿಗೆ ಆ ತೊಂದರೆಯಿಲ್ಲ, ಅವು ಯಾವ ಫಾಂಟಿನ ಹಂಗಿನಲ್ಲೂ ಇಲ್ಲ.

ಅದಕ್ಕೇ ಹಳೆಯ ಡಿಟಿಪಿ ಗೆಳೆಯರಲ್ಲಿ, ಅಂಗಡಿ ಮುಚ್ಚಿದವರಲ್ಲೂ ಇನ್ನೂ ನಡೆಸುತ್ತಿರುವವರಲ್ಲೂ, ಒಂದು ಕೋರಿಕೆ. ಅಟ್ಟದ ಮೇಲಿನ ಸಿ.ಡಿ., ಜಿಪ್ ಡಿಸ್ಕುಗಳನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಕೋರೆಲ್ ಕಡತಗಳನ್ನು ತೆರೆದು ನೋಡಿ. ಕೈಯಾರೆ ಮಾಡಿದ ದೊಡ್ಡಕ್ಷರ ಸಿಕ್ಕಿದರೆ ಎಸ್‌ವಿಜಿ ಮಾಡಿ ಉಳಿಸಿ, ಬರೆದವರ ಹೆಸರು ಗೊತ್ತಿದ್ದರೆ ಕಡತದ ಹೆಸರಿನಲ್ಲೇ ಸೇರಿಸಿ, ಯಾರು ಬೇಕಾದರೂ ಬಳಸುವ ಹಾಗೆ ಅಂತರ್ಜಾಲದಲ್ಲಿ ಹಾಕಿ. ನನ್ನ ಹತ್ತಿರ ಇರುವುದನ್ನು ನಾನು ಹಾಕಲು ಶುರು ಮಾಡಿದ್ದೇನೆ. ‘ಯ’ ಇನ್ನೂ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.